ವಿದ್ಯುತ್ ವಾಹನದ ಮೋಟಾರಿಗೆ ನಿಯಂತ್ರಣ ಫಲಕ: ರಚನೆ ಮತ್ತು ದೋಷಶೋಧನೆ

2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಭಾರತದ ಮೊದಲ ಫಾರ್ಮುಲಾ-ಇ ಕಾರು ಸ್ಪರ್ಧೆ ನಡೆಯಿತು. ಪೆಟ್ರೋಲಿನ ಒಂದು ತೊಟ್ಟೂ ಇಲ್ಲದೆ ಓಡಿದ ಆ ಕಾರುಗಳ ಗರಿಷ್ಠ ಚಾಲನಾ ಸಾಮರ್ಥ್ಯ 350 ಕಿಲೋವ್ಯಾಟ್. ಅದೇ ದಂಡೆಯ ರಸ್ತೆಯಲ್ಲಿ ದಿನನಿತ್ಯ ಓಡಾಡುವ ವಿದ್ಯುತ್ ಸೈಕಲ್ಲಿನ ಮೋಟಾರಿನ ಸಾಮರ್ಥ್ಯವಾದರೋ 250 ವ್ಯಾಟ್. ಅಂದರೆ ಸಾವಿರದ ನಾನೂರರಲ್ಲಿ ಒಂದು ಪಾಲು. ಇಷ್ಟು ಅಂತರವಿದ್ದರೂ ಎರಡಕ್ಕೂ ಒಂದು ಸಮಾನ ಧರ್ಮವಿದೆ. ಬ್ಯಾಟರಿಯ ಎರಡು ತಂತಿಗಳನ್ನು ನೇರವಾಗಿ ಜೋಡಿಸಿದರೆ ಎರಡೂ ತಿರುಗವು. ಬ್ಯಾಟರಿಗೂ ಮೋಟಾರಿಗೂ ನಡುವೆ ನಿಂತು, ಯಾವ ಸುರುಳಿಗೆ ಯಾವ ಕ್ಷಣದಲ್ಲಿ ಎಷ್ಟು ವಿದ್ಯುತ್ ಹರಿಯಬೇಕೆಂದು ನಿರ್ಧರಿಸುವ ಸಾಧನವೊಂದು ಬೇಕೇ ಬೇಕು. ಅಂಗಡಿಗಳಲ್ಲಿ ‘ಕಂಟ್ರೋಲರ್’ ಎಂದೇ ಕರೆಯಲ್ಪಡುವ ಈ ನಿಯಂತ್ರಣ ಫಲಕವನ್ನು ವಿದ್ಯಾರ್ಥಿಗಳೂ ಹವ್ಯಾಸಿಗಳೂ ತಾವೇ ಕಟ್ಟುವುದು ಇಂದು ಸಾಧ್ಯವಾಗಿದೆ. ಕಟ್ಟಿದ ಮೊದಲ ದಿನವೇ ಅದನ್ನು ಸುಟ್ಟುಕೊಳ್ಳುವುದೂ ಅಷ್ಟೇ ಸಾಮಾನ್ಯವಾಗಿದೆ.

ಇಂತಹ ಪ್ರಯತ್ನಕ್ಕೆ ಹೈದರಾಬಾದಿನಷ್ಟು ಅನುಕೂಲವಾದ ನಗರಗಳು ಕಡಿಮೆ. 1967ರಲ್ಲಿ ಸ್ಥಾಪನೆಯಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯೂ ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ನ ಸಂಶೋಧನಾ ವಿಭಾಗವೂ ಇಲ್ಲಿ ವಿದ್ಯುನ್ಮಾನದ ಪರಂಪರೆಯೊಂದನ್ನು ಬೆಳೆಸಿವೆ. 2023ರಲ್ಲಿ ತೆಲಂಗಾಣ ಸರ್ಕಾರ ರಾಯದುರ್ಗದಲ್ಲಿ ತೆರೆದ ಟಿ-ವರ್ಕ್ಸ್ ಕೇಂದ್ರದಲ್ಲಿ ಮಾದರಿಗಳನ್ನು ತಯಾರಿಸಲು ಬೇಕಾದ ಯಂತ್ರೋಪಕರಣಗಳಿವೆ. ಬಿಡಿಭಾಗಗಳಿಗಂತೂ ಕೋಠಿಯ ಗುಜರಾತಿ ಗಲ್ಲಿಗೆ ಹೋದರೆ ಸಾಕು. ಅಂಗಡಿಯಿಂದ ಅಂಗಡಿಗೆ ರೆಸಿಸ್ಟರು, ಕೆಪಾಸಿಟರು, ಐಸಿಗಳ ಡಬ್ಬಿಗಳೇ. ನೃಪತುಂಗನ ಹೆಸರಿನ ಕನ್ನಡ ಶಾಲೆಯಿರುವ ಕಾಚಿಗುಡದಿಂದ ಈ ಗಲ್ಲಿ ದೂರವೇನಲ್ಲ. ಬೀದರ್, ಕಲಬುರಗಿ, ರಾಯಚೂರು ಕಡೆಗಳಿಂದ ಓದಲು ಬಂದ ಕನ್ನಡದ ಹುಡುಗರಿಗೂ ಇದು ಕೈಗೆ ನಿಲುಕುವ ಮಾರುಕಟ್ಟೆ.

ಫಲಕದ ಒಳಗಿನ ಕೆಲಸ

ಈ ಲೇಖನದಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 48 ವೋಲ್ಟಿನ, 250 ವ್ಯಾಟಿನ ಹಬ್ ಮೋಟಾರನ್ನು. ಬೆಂಗಳೂರಿನಲ್ಲಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಕೂಡ 48 ವೋಲ್ಟಿನದೇ ಆಗಿತ್ತು. ಎಂಟು ಸೀಸ-ಆಮ್ಲ ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿ ಆ ವೋಲ್ಟೇಜನ್ನು ಪಡೆಯಲಾಗುತ್ತಿತ್ತು. ಮುಟ್ಟಿದರೆ ಪ್ರಾಣಾಪಾಯದ ಸಂಭವ ಕಡಿಮೆಯೆಂಬುದು ಈ ವೋಲ್ಟೇಜಿನ ಗುಣ. ಆದರೆ ಶಾರ್ಟ್ ಆದಾಗ ಬ್ಯಾಟರಿ ಹರಿಸುವ ನೂರಾರು ಆಂಪಿಯರ್ ಪ್ರವಾಹ ಕೈಯಲ್ಲಿರುವ ಸ್ಪ್ಯಾನರನ್ನು ಕೆಂಪಗೆ ಕಾಯಿಸಬಲ್ಲದು. ಉಂಗುರ, ಕೈಗಡಿಯಾರಗಳನ್ನು ತೆಗೆದಿಟ್ಟೇ ಕೆಲಸಕ್ಕೆ ಕೂರುವುದು ಲೇಸು.

ಹಬ್ ಮೋಟಾರಿನ ಹೊರಕವಚದ ಒಳಮೈಗೆ ಶಾಶ್ವತ ಅಯಸ್ಕಾಂತಗಳನ್ನು ಅಂಟಿಸಲಾಗಿರುತ್ತದೆ. ನಡುವೆ ಸ್ಥಿರವಾಗಿ ನಿಂತಿರುವ ಕಬ್ಬಿಣದ ತಿರುಳಿಗೆ ಮೂರು ಗುಂಪುಗಳಾಗಿ ತಾಮ್ರದ ಸುರುಳಿಗಳನ್ನು ಸುತ್ತಿರುತ್ತಾರೆ. ಆದ್ದರಿಂದ ಹೊರಗೆ ಕಾಣುವ ದಪ್ಪ ತಂತಿಗಳು ಮೂರು. ಇವಲ್ಲದೆ ಐದು ಸಣ್ಣ ತಂತಿಗಳಿರುತ್ತವೆ. ಅವುಗಳಲ್ಲಿ ಎರಡು 5 ವೋಲ್ಟಿನ ಪೂರೈಕೆಗೆ. ಉಳಿದ ಮೂರು ಹಾಲ್ ಸಂವೇದಕಗಳ ಸಂಕೇತಗಳಿಗೆ. ಅಯಸ್ಕಾಂತದ ಯಾವ ಧ್ರುವ ಎದುರಿಗಿದೆಯೆಂಬುದನ್ನು ಪ್ರತಿ ಸಂವೇದಕವೂ ಸೊನ್ನೆ ಅಥವಾ ಒಂದು ಎಂಬ ಸಂಕೇತದಿಂದ ತಿಳಿಸುತ್ತದೆ. ಮೂರು ಸಂವೇದಕಗಳಿಂದ ಎಂಟು ಜೋಡಿಗಳು ಸಾಧ್ಯವಷ್ಟೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮೋಟಾರುಗಳಲ್ಲಿ ಮೂರೂ ಸೊನ್ನೆ ಅಥವಾ ಮೂರೂ ಒಂದು ಎಂಬ ಸ್ಥಿತಿ ಬರುವುದೇ ಇಲ್ಲ. ಉಳಿದ ಆರು ಸ್ಥಿತಿಗಳು ಒಂದರ ಹಿಂದೊಂದು ಬರುತ್ತವೆ. ಒಂದೊಂದು ಸ್ಥಿತಿಯಲ್ಲಿಯೂ ಮೂರು ದಪ್ಪ ತಂತಿಗಳಲ್ಲಿ ಒಂದನ್ನು ಬ್ಯಾಟರಿಯ ಧನಕ್ಕೆ, ಇನ್ನೊಂದನ್ನು ಋಣಕ್ಕೆ ಸೇರಿಸಿ ಮೂರನೆಯದನ್ನು ಬಿಟ್ಟುಬಿಡುವುದೇ ಫಲಕದ ಕೆಲಸ.

ಈ ಸೇರಿಸುವ-ಬಿಡುವ ಕಾರ್ಯಕ್ಕೆ ಆರು ಮಾಸ್ಫೆಟ್‌ಗಳು ಬೇಕು: ಪ್ರತಿ ತಂತಿಗೆ ಮೇಲಿನದೊಂದು, ಕೆಳಗಿನದೊಂದು. ಮಾಸ್ಫೆಟ್ ಎಂಬುದು ಅರೆವಾಹಕದ ಸ್ವಿಚ್ಚು. ಅದರ ಗೇಟ್ ಎಂಬ ಕಾಲಿಗೆ ಹತ್ತು-ಹನ್ನೆರಡು ವೋಲ್ಟ್ ಕೊಟ್ಟರೆ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ, ಸೊನ್ನೆಗಿಳಿಸಿದರೆ ಮುಚ್ಚಿಕೊಳ್ಳುತ್ತದೆ. ಮೈಕ್ರೋಕಂಟ್ರೋಲರು ಕೊಡುವ 3.3 ಅಥವಾ 5 ವೋಲ್ಟಿನ ಮೆಲುದನಿ ಇದಕ್ಕೆ ಸಾಲದು. ಆದಕಾರಣ ನಡುವೆ ಗೇಟ್ ಡ್ರೈವರ್ ಎಂಬ ಐಸಿಯನ್ನು ಇಡಲಾಗುತ್ತದೆ. ಐಆರ್ 2110 ಇಂತಹವುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು. ವೇಗವನ್ನು ತಗ್ಗಿಸಲು ಸ್ವಿಚ್ಚನ್ನು ಸೆಕೆಂಡಿಗೆ ಸುಮಾರು 16ರಿಂದ 20 ಸಾವಿರ ಬಾರಿ ತೆರೆದು ಮುಚ್ಚುತ್ತಾರೆ. ತೆರೆದಿರುವ ಕಾಲದ ಪಾಲನ್ನು ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ. ಇದಕ್ಕಿಂತ ನಿಧಾನವಾಗಿ ತೆರೆದು ಮುಚ್ಚಿದರೆ ಮೋಟಾರು ಕೀರಲು ದನಿಯಲ್ಲಿ ಹಾಡತೊಡಗುತ್ತದೆ.

ಇಲ್ಲಿ ಹೊಸಬರು ಎಡವುವ ಒಂದು ಲೆಕ್ಕವಿದೆ. 250 ವ್ಯಾಟನ್ನು 48ರಿಂದ ಭಾಗಿಸಿದರೆ ಬ್ಯಾಟರಿಯ ಪ್ರವಾಹ 5 ಆಂಪಿಯರ್‌ಗಿಂತ ತುಸು ಹೆಚ್ಚು. ಅಷ್ಟಕ್ಕೆ ತಕ್ಕ ಮಾಸ್ಫೆಟ್ ಸಾಕೆಂದು ಅನಿಸುವುದು ಸಹಜ. ಆದರೆ ನಿಯಂತ್ರಣ ಫಲಕವು ಗೇರ್ ಪೆಟ್ಟಿಗೆಯಂತೆ ವರ್ತಿಸುತ್ತದೆ. ಬಂಜಾರಾ ಹಿಲ್ಸ್‌ನ ಏರಿನಲ್ಲಿ ವಾಹನ ನಿಧಾನವಾಗಿ ಹತ್ತುವಾಗ ಸ್ವಿಚ್ಚು ತೆರೆದಿರುವ ಪಾಲು ಐದರಲ್ಲಿ ಒಂದು ಎಂದಿಟ್ಟುಕೊಂಡರೆ, ಬ್ಯಾಟರಿಯಿಂದ ಬರುವ 5 ಆಂಪಿಯರ್ ಮೋಟಾರಿನ ಸುರುಳಿಯಲ್ಲಿ ಸುಮಾರು 25 ಆಂಪಿಯರ್ ಆಗಿ ಹರಿಯುತ್ತದೆ. ಸುರುಳಿಯಲ್ಲಿ ಒಮ್ಮೆ ಹರಿಯತೊಡಗಿದ ಪ್ರವಾಹ ಸ್ವಿಚ್ಚು ಮುಚ್ಚಿದಾಗಲೂ ನಿಲ್ಲದೆ ಫಲಕದೊಳಗೇ ಸುತ್ತುತ್ತಿರುತ್ತದೆ ಎಂಬುದೇ ಇದರ ಕಾರಣ. ಆದ್ದರಿಂದ ಮಾಸ್ಫೆಟ್, ತಾಮ್ರದ ಪಟ್ಟಿ, ತಂತಿ ಇವೆಲ್ಲವನ್ನೂ ಸುರುಳಿಯ ಪ್ರವಾಹಕ್ಕೆ ತಕ್ಕಂತೆ ಆರಿಸಬೇಕೇ ಹೊರತು ಬ್ಯಾಟರಿಯ ಪ್ರವಾಹಕ್ಕಲ್ಲ. ವಾಹನ ವೇಗವಾಗಿ ಓಡುವಾಗ ತಣ್ಣಗಿದ್ದ ಫಲಕ ಏರಿನಲ್ಲಿ ಸುಡುವುದೇಕೆಂಬ ಪ್ರಶ್ನೆಗೂ ಇದೇ ಉತ್ತರ.

ಕಟ್ಟುವಾಗ ಗಮನಿಸಬೇಕಾದುದು

48 ವೋಲ್ಟ್ ಎಂಬುದು ಹೆಸರಿಗೆ ಮಾತ್ರ. ಹದಿಮೂರು ಲಿಥಿಯಂ ಕೋಶಗಳ ಬ್ಯಾಟರಿ ಪೂರ್ತಿ ತುಂಬಿದಾಗ 54.6 ವೋಲ್ಟ್ ಇರುತ್ತದೆ. ಸ್ವಿಚ್ಚು ಮುಚ್ಚುವ ಕ್ಷಣದಲ್ಲಿ ಏಳುವ ಅಲೆ ಇದಕ್ಕೂ ಮೇಲೆ ಹೋಗುವುದರಿಂದ 60 ವೋಲ್ಟಿನ ಮಾಸ್ಫೆಟ್ ತಾಳಲಾರದು; 100 ವೋಲ್ಟಿನದನ್ನೇ ಕೊಳ್ಳಬೇಕು. ಜಗತ್ತಿನ ಎಲ್ಲ ಮಾರುಕಟ್ಟೆಗಳಲ್ಲಿಯೂ ಹೆಸರಾಂತ ಗುರುತುಗಳ ನಕಲಿ ಮಾಸ್ಫೆಟ್‌ಗಳು ಸುಳಿದಾಡುತ್ತವೆ. ಕೊಂಡು ತಂದ ಮೇಲೆ ಗೇಟಿಗೆ 10 ವೋಲ್ಟ್ ಕೊಟ್ಟು, 5 ಆಂಪಿಯರ್ ಹರಿಸಿ, ಎರಡು ಕಾಲುಗಳ ನಡುವಣ ವೋಲ್ಟೇಜನ್ನು ಅಳೆಯುವುದು ಒಳ್ಳೆಯ ಪರೀಕ್ಷೆ. 5 ಮಿಲಿಓಮ್ ಎಂದು ಬರೆದಿದ್ದರೆ 25 ಮಿಲಿವೋಲ್ಟ್ ಆಸುಪಾಸಿನಲ್ಲಿರಬೇಕು. ನೂರೋ ನೂರೈವತ್ತೋ ತೋರಿಸಿದರೆ ಅದನ್ನು ಫಲಕಕ್ಕೆ ಹಾಕದಿರುವುದೇ ಮೇಲು.

ದೊಡ್ಡ ಕೆಪಾಸಿಟರು ಮಾಸ್ಫೆಟ್‌ಗಳ ಮಗ್ಗುಲಲ್ಲಿಯೇ ಇರಬೇಕು. ಅಂದಕ್ಕಾಗಿ ಅದನ್ನು ಫಲಕದ ಮೂಲೆಗೆ ಸರಿಸಿದರೆ ಮೇಲೆ ಹೇಳಿದ ವೋಲ್ಟೇಜಿನ ಅಲೆ ಇನ್ನಷ್ಟು ಎತ್ತರಕ್ಕೇರುತ್ತದೆ. ಅದು 105 ಡಿಗ್ರಿಯ ಶ್ರೇಣಿಯದಾಗಿದ್ದರೆ ಒಳಿತು. ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಬಿಸಿಲಲ್ಲಿ ನಿಂತ ವಾಹನದ ಮುಚ್ಚಿದ ಪೆಟ್ಟಿಗೆಯೊಳಗಿನ ತಾಪವನ್ನು ಊಹಿಸಿಕೊಳ್ಳಬಹುದು. ಬ್ಯಾಟರಿಯನ್ನು ಜೋಡಿಸಿದೊಡನೆ ಖಾಲಿ ಕೆಪಾಸಿಟರು ಒಮ್ಮೆಲೇ ಪ್ರವಾಹವನ್ನು ಹೀರಿಕೊಳ್ಳುವುದರಿಂದ ಕಿಡಿ ಹಾರುತ್ತದೆ, ಪ್ಲಗ್ಗಿನ ತುದಿ ಕರಕಾಗುತ್ತದೆ. ಇದನ್ನು ತಪ್ಪಿಸಲು 100 ಓಮ್‌ನ ರೆಸಿಸ್ಟರಿನ ಮೂಲಕ ಮೊದಲು ತುಂಬಿಸಬೇಕು. 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರು ಅರ್ಧ ಸೆಕೆಂಡಿನಲ್ಲಿ ಬಹುತೇಕ ತುಂಬುತ್ತದೆ. ಅನಂತರವೇ ಮುಖ್ಯ ಸ್ವಿಚ್ಚನ್ನು ಹಾಕಬೇಕು.

ಒಂದೇ ತಂತಿಯ ಮೇಲಿನ ಮತ್ತು ಕೆಳಗಿನ ಮಾಸ್ಫೆಟ್‌ಗಳು ಎಂದಿಗೂ ಒಟ್ಟಿಗೆ ತೆರೆದಿರಬಾರದು. ತೆರೆದರೆ ಬ್ಯಾಟರಿಯ ಎರಡು ತುದಿಗಳೂ ನೇರವಾಗಿ ಕೂಡಿಕೊಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಹಾಳಾಗುತ್ತವೆ. ಒಂದು ಮುಚ್ಚಿ ಇನ್ನೊಂದು ತೆರೆಯುವ ನಡುವೆ ಸುಮಾರು ಒಂದು ಮೈಕ್ರೋಸೆಕೆಂಡಿನ ಬಿಡುವನ್ನು ತಂತ್ರಾಂಶದಲ್ಲಿ ಅಥವಾ ಡ್ರೈವರ್ ಐಸಿಯಲ್ಲಿ ಕಲ್ಪಿಸಬೇಕು.

ವೇಗದ ಹಿಡಿಕೆಯಾದ ಥ್ರಾಟಲ್ ವಿಷಯದಲ್ಲಿ ಉದಾಸೀನ ಸಲ್ಲದು. 5 ವೋಲ್ಟಿನಿಂದ ನಡೆಯುವ ಈ ಹಿಡಿಕೆ ಬಿಟ್ಟಾಗ ಸುಮಾರು 0.8, ಪೂರ್ತಿ ತಿರುವಿದಾಗ ಸುಮಾರು 4 ವೋಲ್ಟ್ ಕೊಡುತ್ತದೆ. ಅದರ ಋಣ ತಂತಿ ಎಲ್ಲಿಯಾದರೂ ಕಿತ್ತುಹೋದರೆ ಸಂಕೇತದ ತಂತಿ ಮೇಲಕ್ಕೇರಿ 5 ವೋಲ್ಟಿನ ಬಳಿ ನಿಲ್ಲಬಹುದು. ಸವಾರ ಹಿಡಿಕೆಯನ್ನು ಮುಟ್ಟದೆಯೇ ವಾಹನ ಪೂರ್ಣ ವೇಗದಲ್ಲಿ ನುಗ್ಗುತ್ತದೆ. ಆದುದರಿಂದ 4.5 ವೋಲ್ಟನ್ನು ಮೀರಿದ ಸಂಕೇತವನ್ನು ‘ಗರಿಷ್ಠ ವೇಗ’ ಎಂದಲ್ಲ, ‘ದೋಷ’ ಎಂದು ಓದಿ ಮೋಟಾರನ್ನು ನಿಲ್ಲಿಸುವಂತೆ ತಂತ್ರಾಂಶವನ್ನು ಬರೆಯಬೇಕು. ಕೀಲಿ ತಿರುವಿದಾಗಲೇ ಹಿಡಿಕೆ ಮೇಲೆದ್ದಿದ್ದರೆ ಹೊರಡಬಾರದು. ಬ್ರೇಕು ಹಿಡಿದೊಡನೆ ವಿದ್ಯುತ್ ಕಡಿಯುವ ಸ್ವಿಚ್ಚೂ ಇರಬೇಕು. ಫಲಕ ಸುಟ್ಟರೆ ಹಣ ಹೋಗುತ್ತದೆ. ಈ ಮೂರು ಸಾಲಿನ ತಂತ್ರಾಂಶವಿಲ್ಲದಿದ್ದರೆ ಹೋಗುವುದು ಹಣವಷ್ಟೇ ಅಲ್ಲ.

ಮೊದಲ ಬಾರಿ ವಿದ್ಯುತ್ ಹಾಯಿಸುವುದು

ಬೆಸುಗೆ ಮುಗಿದ ಉತ್ಸಾಹದಲ್ಲಿ ಬ್ಯಾಟರಿಯನ್ನು ನೇರವಾಗಿ ಸಿಕ್ಕಿಸುವುದೇ ಬಹುತೇಕ ಫಲಕಗಳ ಅಕಾಲ ಮರಣಕ್ಕೆ ಕಾರಣ. ಬೆಸುಗೆಯ ಒಂದು ಸಣ್ಣ ಹನಿ ಎರಡು ಕಾಲುಗಳನ್ನು ಕೂಡಿಸಿದ್ದರೂ ಬ್ಯಾಟರಿಗೆ ಅದು ತಿಳಿಯದು. ತನ್ನ ಶಕ್ತಿಯನ್ನೆಲ್ಲ ಅಲ್ಲಿ ಸುರಿಯುತ್ತದೆ. ಪ್ರವಾಹಕ್ಕೆ ಮಿತಿ ಹಾಕಬಲ್ಲ ಪ್ರಯೋಗಾಲಯದ ಪವರ್ ಸಪ್ಲೈ ಇದ್ದರೆ ಅದನ್ನು ಒಂದು ಆಂಪಿಯರಿಗೆ ಕಟ್ಟಿ ಆರಂಭಿಸಬೇಕು. ಅದಿಲ್ಲದವರಿಗೆ ಹಳೆಯ ಮೆಕ್ಯಾನಿಕ್ಕುಗಳ ಉಪಾಯವೊಂದಿದೆ: ಲಾರಿಯ 24 ವೋಲ್ಟಿನ, 70 ವ್ಯಾಟಿನ ಹೆಡ್‌ಲೈಟ್ ಬಲ್ಬುಗಳೆರಡನ್ನು ಒಂದರ ಹಿಂದೊಂದು ಜೋಡಿಸಿ ಬ್ಯಾಟರಿಯ ತಂತಿಯಲ್ಲಿ ಸೇರಿಸುವುದು. ಫಲಕ ಸರಿಯಾಗಿದ್ದರೆ ಬಲ್ಬುಗಳು ಒಮ್ಮೆ ಮಿನುಗಿ ಆರುತ್ತವೆ. ಆ ಮಿನುಗು ಕೆಪಾಸಿಟರು ತುಂಬಿದ್ದರ ಗುರುತು. ಎಲ್ಲಿಯಾದರೂ ಶಾರ್ಟ್ ಇದ್ದರೆ ಬಲ್ಬುಗಳು ಪ್ರಕಾಶಮಾನವಾಗಿ ಉರಿಯುತ್ತಲೇ ಇರುತ್ತವೆ. ಪ್ರವಾಹ 3 ಆಂಪಿಯರ್ ಮೀರುವುದಿಲ್ಲವಾದ್ದರಿಂದ ಹೆಚ್ಚಿನ ಹಾನಿಯಾಗದೆ ದೋಷ ತಾನೇ ಬೆಳಕಿಗೆ ಬರುತ್ತದೆ. ಎಲ್‌ಇಡಿ ದೀಪ ಈ ಕೆಲಸಕ್ಕೆ ಬಾರದು, ಫಿಲಮೆಂಟಿನ ಬಲ್ಬೇ ಆಗಬೇಕು.

ಮೋಟಾರನ್ನು ಜೋಡಿಸುವ ಮೊದಲು ಡ್ರೈವರಿನ 12 ವೋಲ್ಟ್, ಮೈಕ್ರೋಕಂಟ್ರೋಲರಿನ 5 ವೋಲ್ಟ್ ಸರಿಯಾಗಿ ಬರುತ್ತಿವೆಯೇ ಎಂದು ಅಳೆಯಬೇಕು. ಅನಂತರ ಹಾಲ್ ತಂತಿಗಳನ್ನು ಮಾತ್ರ ಸೇರಿಸಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಮೂರು ಸಂಕೇತಗಳೂ ಸೊನ್ನೆಗೂ 5ಕ್ಕೂ ನಡುವೆ ಬದಲಾಗುತ್ತಿವೆಯೇ ಎಂದು ನೋಡಬೇಕು. ಈ ಸಂವೇದಕಗಳು ಸಂಕೇತವನ್ನು ಕೆಳಕ್ಕೆಳೆಯಬಲ್ಲವೇ ಹೊರತು ಮೇಲಕ್ಕೆತ್ತಲಾರವು. ಮೇಲಕ್ಕೆತ್ತಲು ಕೆಲವು ಕಿಲೋಓಮ್‌ನ ರೆಸಿಸ್ಟರನ್ನು 5 ವೋಲ್ಟಿಗೆ ಸೇರಿಸಿರಬೇಕು. ಇದನ್ನು ಮರೆತು ‘ಮೂರೂ ಹಾಲ್ ಸತ್ತಿವೆ’ ಎಂದು ಮೋಟಾರನ್ನೇ ಬಿಚ್ಚಿದವರಿದ್ದಾರೆ.

ದೋಷಗಳ ಬೆನ್ನುಹತ್ತಿ

ಮೋಟಾರು ತಿರುಗದೆ ನಡುಗುತ್ತ ಗುರುಗುಟ್ಟಿದರೆ ಮೊದಲ ಅನುಮಾನ ತಂತಿಗಳ ಕ್ರಮದ ಮೇಲೆ. ಮೂರು ದಪ್ಪ ತಂತಿಗಳನ್ನು ಆರು ಬಗೆಯಲ್ಲಿಯೂ ಮೂರು ಹಾಲ್ ತಂತಿಗಳನ್ನು ಆರು ಬಗೆಯಲ್ಲಿಯೂ ಜೋಡಿಸಬಹುದಾದ್ದರಿಂದ ಒಟ್ಟು ಮೂವತ್ತಾರು ಜೋಡಣೆಗಳು. ಅವುಗಳಲ್ಲಿ ಸರಿಯಾದುವು ಆರೇ: ಮೂರರಲ್ಲಿ ಮುಂದಕ್ಕೆ, ಮೂರರಲ್ಲಿ ಹಿಂದಕ್ಕೆ ತಿರುಗುತ್ತದೆ. ಹಾಲ್ ತಂತಿಗಳನ್ನು ಹಾಗೆಯೇ ಬಿಟ್ಟು ದಪ್ಪ ತಂತಿಗಳನ್ನು ಅದಲುಬದಲು ಮಾಡಿದರೆ ಆರು ಪ್ರಯತ್ನಗಳೊಳಗೆ ಸರಿಯಾದುದು ಸಿಕ್ಕೇ ಸಿಗುತ್ತದೆ. ದಿಕ್ಕು ಹಿಂದುಮುಂದಾಗಿದ್ದರೆ ಅನಂತರ ಬದಲಿಸಿಕೊಳ್ಳಬಹುದು. ಪ್ರತಿ ಪ್ರಯತ್ನದಲ್ಲಿಯೂ ಬಲ್ಬುಗಳು ತಂತಿಯಲ್ಲಿ ಇರಲಿ, ಚಕ್ರ ನೆಲವನ್ನು ಮುಟ್ಟದಿರಲಿ. ತಿರುಗಿದ ಮಾತ್ರಕ್ಕೆ ಜೋಡಣೆ ಸರಿಯೆಂದು ತಿಳಿಯಬಾರದು. ತಪ್ಪು ಜೋಡಣೆಯಲ್ಲಿಯೂ ಮೋಟಾರು ಒರಟಾಗಿ, ಹೆಚ್ಚು ಪ್ರವಾಹ ಎಳೆಯುತ್ತ ತಿರುಗುವುದುಂಟು. ಸದ್ದಿಲ್ಲದೆ, ಅತಿ ಕಡಿಮೆ ಪ್ರವಾಹದಲ್ಲಿ ತಿರುಗುವುದೇ ನಿಜವಾದುದು.

ನಡುವೇಗದಲ್ಲಿ ಚೆನ್ನಾಗಿ ಓಡಿ, ಹಿಡಿಕೆಯನ್ನು ಪೂರ್ತಿ ತಿರುವಿದಾಗ ಮಾತ್ರ ಮೇಲಿನ ಮಾಸ್ಫೆಟ್ ಸುಡುವ ದೋಷ ಹೆಚ್ಚು ಸ್ವಾರಸ್ಯಕರ. ಮೇಲಿನ ಮಾಸ್ಫೆಟ್ ತೆರೆಯಲು ಅದರ ಗೇಟಿನಲ್ಲಿ ಬ್ಯಾಟರಿಗಿಂತಲೂ ಹತ್ತು ವೋಲ್ಟ್ ಹೆಚ್ಚಿರಬೇಕು. ಈ ಹೆಚ್ಚುವರಿ ವೋಲ್ಟೇಜನ್ನು ಡ್ರೈವರಿನ ಪಕ್ಕದ ಪುಟ್ಟ ಕೆಪಾಸಿಟರೊಂದು ಒದಗಿಸುತ್ತದೆ. ಕೆಳಗಿನ ಮಾಸ್ಫೆಟ್ ತೆರೆದಿರುವಾಗ ಮಾತ್ರ ಅದು ತುಂಬಿಕೊಳ್ಳಬಲ್ಲದು. ಪೂರ್ಣ ವೇಗದಲ್ಲಿ ಮೇಲಿನದು ಎಡೆಬಿಡದೆ ತೆರೆದೇ ಇದ್ದರೆ ಈ ಕೆಪಾಸಿಟರಿಗೆ ತುಂಬಿಕೊಳ್ಳಲು ಬಿಡುವಿಲ್ಲ. ಗೇಟಿನ ವೋಲ್ಟೇಜು ಕುಸಿಯುತ್ತದೆ, ಮಾಸ್ಫೆಟ್ ಅರೆತೆರೆದ ಬಾಗಿಲಿನಂತಾಗುತ್ತದೆ. ಪೂರ್ತಿ ತೆರೆದಿದ್ದಾಗ 25 ಆಂಪಿಯರ್ ಹರಿದರೂ 5 ಮಿಲಿಓಮ್‌ನ ಮಾಸ್ಫೆಟ್‌ನಲ್ಲಿ ವ್ಯರ್ಥವಾಗುವುದು 3 ವ್ಯಾಟ್ ಚಿಲ್ಲರೆ. ಅರೆತೆರೆದು 10 ವೋಲ್ಟ್ ತನ್ನಲ್ಲೇ ಉಳಿಸಿಕೊಂಡರೆ 250 ವ್ಯಾಟ್! ಅದು ಸೆಕೆಂಡುಗಳಲ್ಲಿ ಸಾಯುವುದರಲ್ಲಿ ಆಶ್ಚರ್ಯವಿಲ್ಲ. ತೆರೆದಿರುವ ಪಾಲನ್ನು ತಂತ್ರಾಂಶದಲ್ಲಿ ಶೇಕಡ 95ಕ್ಕೆ ಮಿತಿಗೊಳಿಸಿ, ಉಳಿದ ಕ್ಷಣದಲ್ಲಿ ಕೆಳಗಿನ ಮಾಸ್ಫೆಟನ್ನು ತೆರೆದರೆ ರೋಗ ಮಾಯವಾಗುತ್ತದೆ.

ಸುಟ್ಟ ಮಾಸ್ಫೆಟನ್ನು ಗುರುತಿಸಲು ದುಬಾರಿ ಉಪಕರಣ ಬೇಡ. ಬ್ಯಾಟರಿ ಕಳಚಿದ ವಾಹನದ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಅದು ತಡೆತಡೆದು ಎಳೆದಂತೆ ತಿರುಗಿ, ಮೂರು ದಪ್ಪ ತಂತಿಗಳನ್ನು ಬಿಚ್ಚಿದೊಡನೆ ಹಗುರವಾದರೆ, ಫಲಕದಲ್ಲಿ ಮಾಸ್ಫೆಟ್ ಶಾರ್ಟ್ ಆಗಿದೆಯೆಂದೇ ಅರ್ಥ. ಬಿಚ್ಚಿದ ಮೇಲೂ ಎಳೆತ ಉಳಿದರೆ ಮೋಟಾರಿನೊಳಗೇ ತಂತಿಗಳು ಕೂಡಿಕೊಂಡಿವೆ. ಇದನ್ನು ಖಚಿತಪಡಿಸಿಕೊಳ್ಳಲು ಕೆಪಾಸಿಟರನ್ನು ಖಾಲಿ ಮಾಡಿ, ಮಲ್ಟಿಮೀಟರನ್ನು ಡಯೋಡ್ ಸ್ಥಾನದಲ್ಲಿಟ್ಟು, ಪ್ರತಿ ತಂತಿಯಿಂದ ಬ್ಯಾಟರಿಯ ಎರಡು ತುದಿಗಳಿಗೂ ಅಳೆಯಬೇಕು. ಒಂದು ದಿಕ್ಕಿನಲ್ಲಿ ಸುಮಾರು ಅರ್ಧ ವೋಲ್ಟ್ ತೋರಬೇಕು. ಎರಡೂ ದಿಕ್ಕಿನಲ್ಲಿ ಸೊನ್ನೆ ತೋರಿದರೆ ಆ ಮಾಸ್ಫೆಟ್ ಮುಗಿದಿದೆ.

ಇಷ್ಟು ತಿಳಿದವರು ಕೂಡ ಮಾಡುವ ತಪ್ಪೆಂದರೆ ಮಾಸ್ಫೆಟನ್ನಷ್ಟೇ ಬದಲಾಯಿಸುವುದು. ಮಾಸ್ಫೆಟ್ ಒಡೆಯುವಾಗ ಬ್ಯಾಟರಿಯ ವೋಲ್ಟೇಜು ಗೇಟಿನ ದಾರಿಯಲ್ಲಿ ಹಿಂದಕ್ಕೆ ನುಗ್ಗಿ ಡ್ರೈವರ್ ಐಸಿಯನ್ನೂ ಗೇಟ್ ರೆಸಿಸ್ಟರನ್ನೂ ಹಾಳುಮಾಡಿರುವುದು ಸಾಮಾನ್ಯ. ಹೊಸ ಮಾಸ್ಫೆಟ್ ಹಾಕಿದೊಡನೆ ಕೆಟ್ಟ ಡ್ರೈವರು ಅದನ್ನೂ ಬಲಿ ತೆಗೆದುಕೊಳ್ಳುತ್ತದೆ. ಮೂರನ್ನೂ ಒಟ್ಟಿಗೆ ಬದಲಿಸಿ, ಮತ್ತೆ ಬಲ್ಬುಗಳ ಪರೀಕ್ಷೆಯಿಂದಲೇ ಆರಂಭಿಸುವುದು ನಿಧಾನವೆನಿಸಿದರೂ ಕೋಠಿಗೆ ಎರಡನೆಯ ಸಲ ಓಡುವುದನ್ನು ತಪ್ಪಿಸುತ್ತದೆ.

ಬ್ಯಾಟರಿ ಮತ್ತು ರಸ್ತೆ

ಫಲಕದ ಪರೀಕ್ಷೆಗೆ ಲಿಥಿಯಂ ಬ್ಯಾಟರಿಯನ್ನು ಕೊನೆಯಲ್ಲಿಯೇ ತರಬೇಕೆಂಬುದಕ್ಕೆ ಬಲವಾದ ಕಾರಣಗಳಿವೆ. 2022ರ ಏಪ್ರಿಲ್‌ನಲ್ಲಿ ನಿಜಾಮಾಬಾದಿನ ಮನೆಯೊಂದರಲ್ಲಿ ವಿದ್ಯುತ್ ಸ್ಕೂಟರಿನ ಬ್ಯಾಟರಿ ಸ್ಫೋಟಿಸಿ ವೃದ್ಧರೊಬ್ಬರು ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರುಗಳ ಮಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಅಂತಸ್ತುಗಳ ವಸತಿಗೃಹವನ್ನು ತುಂಬಿಕೊಂಡು 8 ಮಂದಿ ಅಸುನೀಗಿದರು. ಇಂತಹ ಅವಘಡಗಳ ಹಿನ್ನೆಲೆಯಲ್ಲಿ 2022ರಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ನೇಮಿಸಿದ ತಜ್ಞರ ಸಮಿತಿಗೆ, ಹೈದರಾಬಾದಿನಲ್ಲಿಯೇ ಇರುವ ಎ.ಆರ್.ಸಿ.ಐ. ಸಂಶೋಧನಾ ಕೇಂದ್ರದ ಆಗಿನ ನಿರ್ದೇಶಕ ಟಾಟಾ ನರಸಿಂಗ ರಾವ್ ಅಧ್ಯಕ್ಷರಾಗಿದ್ದರು. ಅದರ ಶಿಫಾರಸುಗಳಂತೆ ತಿದ್ದುಪಡಿಯಾದ ಬ್ಯಾಟರಿ ಸುರಕ್ಷತಾ ಮಾನದಂಡ 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದಿತು. ಶಾರ್ಟ್ ಆದ ಮನೆಗೆಲಸದ ಫಲಕವೊಂದು ಬ್ಯಾಟರಿಯಿಂದ ಮಿತಿಮೀರಿ ಪ್ರವಾಹ ಎಳೆದರೆ ಒಳಗಿನ ಕೋಶಗಳು ಕಾಯುತ್ತವೆ. ಡಿಸಿಗೆಂದೇ ತಯಾರಾದ ಫ್ಯೂಸು ಬ್ಯಾಟರಿಯ ಧನ ತುದಿಗೆ ಅಂಟಿಕೊಂಡಂತೆಯೇ ಇರಬೇಕು. ಮನೆಯ ಎಸಿ ಸಾಲಿನ ಎಂಸಿಬಿ ಇದಕ್ಕೆ ಬದಲಿಯಾಗದು: ಡಿಸಿಯಲ್ಲಿ ಹೊತ್ತಿದ ಕಿಡಿ ಎಸಿಯಲ್ಲಿರುವಂತೆ ಪ್ರತಿ ಆವರ್ತದಲ್ಲಿಯೂ ಸೊನ್ನೆಗಿಳಿದು ಆರುವುದಿಲ್ಲ.

ಅಂತಿಮವಾಗಿ ರಸ್ತೆಯ ಪ್ರಶ್ನೆ. 250 ವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ, ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ವೇಗದ ವಾಹನಕ್ಕೆ ನೋಂದಣಿ ಬೇಡವೆಂಬ ಮಾತನ್ನು ಅಂಗಡಿಗಳಲ್ಲಿ ಧಾರಾಳವಾಗಿ ಕೇಳಬಹುದು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಆ ರಿಯಾಯಿತಿ ಸಲ್ಲುವುದು ಪುಣೆಯ ಎ.ಆರ್.ಎ.ಐ., ಮಾನೇಸರದ ಐಕ್ಯಾಟ್ ಮುಂತಾದ ಅಧಿಕೃತ ಸಂಸ್ಥೆಗಳಲ್ಲೊಂದು ಪರೀಕ್ಷಿಸಿ ಪ್ರಮಾಣೀಕರಿಸಿದ ಮಾದರಿಗೆ ಮಾತ್ರ. ಹಳೆಯ ಪೆಟ್ರೋಲ್ ಸ್ಕೂಟರಿಗೆ ಮೋಟಾರು ಕೂಡಿಸುವವರಿಗೂ ಅನುಮೋದಿತ ಕಿಟ್ ಮತ್ತು ಸಾರಿಗೆ ಕಚೇರಿಯ ದಾಖಲೆ ಅಗತ್ಯ. ಕೈಯಿಂದ ಕಟ್ಟಿದ ಫಲಕದ ವಾಹನಕ್ಕೆ ಕಾಲೇಜಿನ ಆವರಣವೇ ತಕ್ಕ ಸ್ಥಳ. ಅಲ್ಲಿಯೂ ಮೊದಲು ಚಕ್ರವನ್ನು ನಿಲುವಿನ ಮೇಲಿಟ್ಟು, ಬ್ರೇಕಿನ ಹೊರೆ ಕೊಟ್ಟು, ಅರ್ಧ ಗಂಟೆ ಓಡಿಸಿ, ಮಾಸ್ಫೆಟ್‌ಗಳ ತಾಪವನ್ನು ಐದು ನಿಮಿಷಕ್ಕೊಮ್ಮೆ ಬರೆದಿಟ್ಟುಕೊಳ್ಳಬೇಕು. ತಾಪ ಏರುತ್ತಲೇ ಹೋಗದೆ ಒಂದು ಮಟ್ಟದಲ್ಲಿ ನಿಂತರೆ ಮಾತ್ರ ಚಕ್ರವನ್ನು ನೆಲಕ್ಕಿಳಿಸಬಹುದು.